ನೀರು ನುಗ್ಗುವ ಮನೆಗೆ ಗಿರಾಕಿ

ಮನೆ ಕೊಳ್ಳಲು ಬರುವ ಜನರ ಮೇಲೆ ನನಗೆ ಎಳ್ಳಷ್ಟೂ ಗೌರವ ಇಲ್ಲ. ಬದನೆಕಾಯಿ ಕೊಳ್ಳುವಾಗ ತೊಟ್ಟು ಹಿಡಿದು ತಿರುಗಿಸಿ, ಹುಳ ಕೊರೆದಿದೆಯಾ ಅಂತ ಕಣ್ಣು ಕಿರಿದು ಮಾಡಿ ನೋಡುವ ಮನುಷ್ಯ, ಮನೆ ನೋಡಲು ಬಂದರೆ ಹೊಸಿಲ ಮೇಲೆ ನಿಂತು ದಿಕ್ಕು ಎಣಿಸುತ್ತಾನೆ. ಅಡುಗೆಮನೆ ಯಾವ ಮೂಲೆ, ಪಕ್ಕದ ಮನೆಯವರು ಯಾವ ಜನ, ಬಾಗಿಲು ಸರಿಸಂಖ್ಯೆಯಾ ಬೆಸವಾ, ಎಲ್ಲ ಕೇಳುತ್ತಾನೆ. ಮಳೆ ಬಂದರೆ ನೀರು ಎಲ್ಲಿಗೆ ಹೋಗುತ್ತದೆ ಅಂತ ಮಾತ್ರ ಕೇಳುವುದಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು, ಅದೂ ಮೇಷ್ಟ್ರು ಪಾಪ ಅಂತ ತಳ್ಳಿದ್ದರಿಂದ. ಯಶವಂತಪುರದ ಬೆಲ್ಲದ ಮಂಡಿಯಲ್ಲಿ ತಕ್ಕಡಿ ಹಿಡಿದೇ ಕೂದಲು ಬೆಳ್ಳಗೆ ಮಾಡಿಕೊಂಡವನು. ಅಲ್ಲಿ ನೀರು ತಾಗಿದ ಬೆಲ್ಲವನ್ನು ಕುರುಡನೂ ಮುಟ್ಟುತ್ತಿರಲಿಲ್ಲ. ನೀರು ತಾಗಿದ ಮನೆಯನ್ನು ಕೊಳ್ಳಲು ಮಾತ್ರ ಕಣ್ಣಿದ್ದವರೇ ಬರುತ್ತಾರೆ, ಜೊತೆಗೆ ಪಂಚಾಂಗವನ್ನೂ ತರುತ್ತಾರೆ.

ನಮ್ಮ ಮನೆ ಇದ್ದದ್ದು ಕೊಡಿಗೇಹಳ್ಳಿಯಲ್ಲಿ, ಕೆರೆ ಏರಿಯ ಕೆಳಗೆ. ಎಪ್ಪತ್ತನೇ ಇಸವಿಯ ಆಚೀಚೆ ಕಟ್ಟಿಸಿದಾಗ ಮುಂದೆ ಬರೀ ರಾಗಿ ಹೊಲ. ಎಷ್ಟು ಮಳೆ ಬಂದರೂ ನೀರು ನಮ್ಮನ್ನು ಮಾತಾಡಿಸದೆ ಹೊಲಕ್ಕೆ ಇಳಿದು ಹೋಗುತ್ತಿತ್ತು. ಆಮೇಲೆ ಹೊಲ ಸೈಟಾಯಿತು. ಸೈಟು ಕೊಂಡ ಬುದ್ಧಿವಂತರು ಕಾಲುವೆ ಮುಚ್ಚಿ ಕಾಂಪೌಂಡು ಎಬ್ಬಿಸಿದರು. ಒಬ್ಬೊಬ್ಬನೂ ಪಕ್ಕದವನಿಗಿಂತ ಒಂದು ಗೇಣು ಎತ್ತರ ಮಣ್ಣು ಹಾಕಿಸಿ ಮನೆ ಕಟ್ಟಿದ. ಹಾಗೆ ಎಲ್ಲರೂ ಮೇಲೆ ಹೋದಮೇಲೆ ನಾವು ಇದ್ದಲ್ಲೇ ಕೆಳಗೆ ಬಿದ್ದೆವು. ಕೆರೆ ತುಂಬಿ ಕೋಡಿ ಹರಿದರೆ ಊರಿನ ಹಳಬರಿಗೆ ಹಬ್ಬ. ತಮಟೆ ಬಡಿಸಿ, ಅರಿಶಿನ ಕುಂಕುಮ ಹಾಕಿ, ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಒಂದು ವರ್ಷ ಆ ಬಾಗಿನದ ಮೊರ, ಬಳೆ ಬಿಚ್ಚೋಲೆ ಸಮೇತ, ತೇಲಿಕೊಂಡು ನಮ್ಮ ನಡುಮನೆಗೇ ಬಂತು. ನನ್ನ ಹೆಂಡತಿ ಜಯಮ್ಮ ಮಂಚದ ಮೇಲೆ ಕಾಲು ಮಡಚಿ ಕೂತಿದ್ದವಳು, "ನೋಡ್ರೀ, ಗಂಗಮ್ಮ ಬೇಡ ಅಂತ ನಮ್ಗೇ ಕಳಿಸವ್ಳೆ" ಅಂದಳು.

ಇಷ್ಟೆಲ್ಲ ಸಹಿಸಿಕೊಂಡೇ ಇದ್ದೆವು. ಮಾರಬೇಕು ಅನ್ನಿಸಿದ್ದು ನೀರಿನಿಂದ ಅಲ್ಲ, ಮೊಮ್ಮಗಳಿಂದ. ನಮ್ಮ ಒಬ್ಬಳೇ ಮಗಳು ಶಾರದೆಯನ್ನು ಯಲಹಂಕಕ್ಕೆ ಕೊಟ್ಟಿದ್ದೆವು. ಬಾಣಂತನಕ್ಕೆ ಬಂದವಳು ಮಗುವಿನ ಜೊತೆ ನಮ್ಮಲ್ಲೇ ಇದ್ದಳು. ಆ ಮಗುವಿನ ಬಗ್ಗೆ ಹೇಳಲು ಹೊರಟರೆ ಈ ಬರಹ ಮುಗಿಯುವುದಿಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಅದು ಆಕಳಿಸಿದರೆ ನಮ್ಮ ಓಣಿಯ ಜನ ಕೆಲಸ ಬಿಟ್ಟು ನೋಡಲು ಬರಬೇಕಿತ್ತು. ಬರಲಿಲ್ಲ, ಅದು ಅವರ ಕರ್ಮ. ಐದನೇ ತಿಂಗಳಲ್ಲಿ ಅಳಿಯ ಬಂದು ಕರೆದುಕೊಂಡು ಹೋದ ಮೇಲೆ ತೊಟ್ಟಿಲು ಕಟ್ಟಿದ್ದ ತೊಲೆ ನೋಡಲು ಆಗುತ್ತಿರಲಿಲ್ಲ. ಮಗಳ ಮನೆಗೆ ಹೋಗಿ ಇರೋಣವೆಂದರೆ, ಹೆಣ್ಣು ಕೊಟ್ಟವರು ಬೀಗರ ಮನೆಯಲ್ಲಿ ಚಾಪೆ ಹಾಸುವುದು ನಮ್ಮ ಕಡೆ ಮರ್ಯಾದೆಯಲ್ಲ. ಬೆಳಿಗ್ಗೆ ಹೋಗಿ, ಕಾಫಿ ಕುಡಿದು, ಮಧ್ಯಾಹ್ನದ ಬಸ್ಸಿಗೆ ಎದ್ದುಬಿಡಬೇಕು. ಆ ಹಾಳು ಬಸ್ಸು ಬರುವುದೂ, ಮಗು ನಿದ್ದೆಯಿಂದೆದ್ದು ನಗುವುದೂ ಒಂದೇ ಹೊತ್ತಿಗೆ. ಅಷ್ಟರಲ್ಲಿ ಮಗಳ ಬೀದಿಯಲ್ಲೇ ಒಂದು ಪುಟ್ಟ ಮನೆ ಮಾರಾಟಕ್ಕೆ ಬಂತು. ಅದರ ಯಜಮಾನ, "ದೀಪಾವಳಿವರೆಗೂ ಕಾಯ್ತೀನಿ. ಆಮೇಲೆ ಬೇರೆಯವ್ರಿಗೆ" ಅಂದುಬಿಟ್ಟ. ನಮ್ಮದು ಮಾರಿದರೆ ತಾನೇ ಅದನ್ನು ಕೊಳ್ಳುವುದು.

ಬ್ರೋಕರ್ ಮುನಿರಾಜುವನ್ನು ಕರೆಸಿದೆ. ಅವನು ಒಳಗೆ ಬಂದವನೇ ಗೋಡೆಯ ಮೇಲೆ ನೀರು ನಿಂತ ಗುರುತು ನೋಡಿ, "ಅಣ್ಣಾ, ಒಳಗೂ ಹೊರಗೂ ಆ ಗುರುತಿನ ತನಕ ಕೆಂಪು ಬಣ್ಣದ ಪಟ್ಟಿ ಹೊಡೆಸ್ಬಿಡಿ. ನೋಡೋಕೂ ಲಕ್ಷಣ" ಅಂದ. ಹೊಡೆಸಿದೆ. ಆಮೇಲೆ ನೋಡಿದರೆ ಓಣಿಯಲ್ಲಿ ಮಾರಾಟಕ್ಕಿದ್ದ ಮನೆಗಳಿಗೆಲ್ಲ ಅದೇ ಕೆಂಪು, ಅದೇ ಎತ್ತರ. ಈ ಮಹಾನುಭಾವ ಎಲ್ಲರಿಗೂ ಇದೇ ವಿದ್ಯೆ ಹಂಚಿದ್ದ. ಮೊದಲ ಗಿರಾಕಿ ಆರ್.ಟಿ. ನಗರದ ಒಬ್ಬ ಗುಮಾಸ್ತ. ಓಣಿಯನ್ನು ಈ ತುದಿಯಿಂದ ಆ ತುದಿಗೆ ನೋಡಿ, "ಇಲ್ಲಿನ ಜನಕ್ಕೆ ಒಳ್ಳೇ ಒಗ್ಗಟ್ಟು ಇದ್ದ ಹಾಗಿದೆ" ಎಂದು ಮೆಚ್ಚಿಕೊಂಡ. ಇಂಥವರೂ ಎರಡು ಹೊತ್ತು ಅನ್ನ ತಿನ್ನುತ್ತಾರೆ.

ಅವನ ಜೊತೆ ವಾಸ್ತು ನೋಡುವ ಮಾವನೂ ಬಂದಿದ್ದರು. ಪಿತೃಪಕ್ಷ ಕಳೆಯುವ ತನಕ ಕಾದು, ನವರಾತ್ರಿಯಲ್ಲಿ ಒಳ್ಳೆಯ ಘಳಿಗೆ ಇಟ್ಟುಕೊಂಡು ಬಂದವರು. ಬೆಂಗಳೂರಿನ ಮಳೆಯೂ ಅದೇ ಘಳಿಗೆಗೆ ಕಾದಿರುತ್ತದೆ ಅಂತ ಅವರ ಪಂಚಾಂಗದಲ್ಲಿ ಬರೆದಿರಲಿಲ್ಲ. ಅವರು ನಮ್ಮ ಬಾವಿ ಇರುವ ಮೂಲೆಗೆ ಕೈ ತೋರಿಸಿ, "ಈಶಾನ್ಯದಲ್ಲಿ ನೀರು. ಇದಕ್ಕಿಂತ ಶುಭ ಇನ್ನೇನು ಬೇಕು" ಎನ್ನುತ್ತಿದ್ದಾಗಲೇ ಆಕಾಶ ಕಪ್ಪಾಯಿತು. ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ, ಅವರು ಹೇಳಿದ ಅದೇ ಈಶಾನ್ಯದಿಂದ ನೀರು ಹೊಸಿಲು ದಾಟಿ, ಬಲಗಾಲು ಮುಂದಿಟ್ಟ ಸೊಸೆಯ ಹಾಗೆ ಮೆಲ್ಲಗೆ ಒಳಗೆ ಬಂತು. ಮಾವ ಪಂಚೆ ಎತ್ತಿಕೊಂಡರು.

ಗುಮಾಸ್ತ ನನ್ನ ಮುಖ ನೋಡಿದ. "ಏನ್ರೀ ಇದು, ಯಜಮಾನ್ರೇ?"

"ಶುಭ" ಅಂದೆ.

ಆ ಸುದ್ದಿ ಹೆಬ್ಬಾಳದ ತನಕ ಹಬ್ಬಿತು. ಆಮೇಲೆ ಬಂದವರೆಲ್ಲ ಮನೆಗಿಂತ ಮೊದಲು ಮೋಡ ನೋಡಿ, ಅರ್ಧ ಬೆಲೆಗೆ ಕೇಳತೊಡಗಿದರು. ದೀಪಾವಳಿ ಹತ್ತಿರ ಬಂತು. ಆಗ ಬಂದವರು ಖಾದರ್ ಸಾಬರು, ಹೆಬ್ಬಾಳದ ಕಡೆಯ ಹಾಲಿನ ವ್ಯಾಪಾರದವರು. ದಿಕ್ಕು ಕೇಳಲಿಲ್ಲ, ಜನ ಕೇಳಲಿಲ್ಲ. ಹಿತ್ತಿಲಿನ ಜೌಗು, ಅಲ್ಲಿ ಸೊಂಟದೆತ್ತರ ಬೆಳೆದ ಹುಲ್ಲು ನೋಡಿದವರೇ ಖುಷಿಯಾದರು.

"ನೀರು ಬರುತ್ತೆ ಸಾಬ್ರೇ" ಅಂದೆ. ಸುಳ್ಳು ಹೇಳಿ ಸಾಕಾಗಿತ್ತು.

"ಬರ್ಲಿ ಬಿಡಿ ಅಜ್ಜಾ. ಎಮ್ಮೆಗೆ ನೀರು ಬೇಡ್ವಾ?"

"ಎಮ್ಮೆ ಕಟ್ಟೋದು ಹಿತ್ತಿಲಲ್ಲಿ ತಾನೇ?"

"ಹಿತ್ತಿಲಲ್ಲಿ ಹುಲ್ಲು. ಎಮ್ಮೆ ಒಳಗೆ. ಈ ನಡುಮನೇಲಿ ನಾಲ್ಕು ಆರಾಮಾಗಿ ನಿಲ್ತಾವೆ" ಅಂದರು. ಗೋಡೆಯ ಕೆಂಪು ಪಟ್ಟಿ ಸವರಿ, "ಇದು ಚೆನ್ನಾಗದೆ. ಸಗಣಿ ಸಿಡಿದ್ರೂ ಕಾಣಲ್ಲ" ಅಂತಲೂ ಸೇರಿಸಿದರು.

ನನ್ನ ಮಗಳಿಗೆ ಮದುವೆಯ ಅರಿಶಿನ ಹಚ್ಚಿದ ಜಾಗ, ಮೊಮ್ಮಗಳು ಮೊದಲ ಸಲ ಮಗ್ಗುಲು ಮಗುಚಿದ ಜಾಗ. ಅಲ್ಲಿ ಎಮ್ಮೆ ಮಗುಚಿ ಮಲಗುತ್ತದಂತೆ. ಎದ್ದು ಎರಡು ಮಾತು ಬಿಗಿಯಬೇಕು ಅಂತಿದ್ದೆ. ಜಯಮ್ಮ ಒಳಗಿನಿಂದ ತಟ್ಟೆಯಲ್ಲಿ ಎಲೆ ಅಡಿಕೆ ತಂದು ಸಾಬರ ಮುಂದೆ ಇಟ್ಟುಬಿಟ್ಟಳು. ನನ್ನ ಕಡೆ ತಿರುಗಿ, "ಎಮ್ಮೆ ಆದ್ರೂ ನಮ್ಮನೇನ ಇಷ್ಟಪಟ್ಟು ಇರ್ತದೆ. ನೀವ್ ಸುಮ್ನಿರಿ" ಅಂದಳು. ಸಾಬರು ಎಲೆ ಅಡಿಕೆ ಕೈಗೆತ್ತಿಕೊಂಡ ಮೇಲೆ ಮಾತೇನು. ವ್ಯಾಪಾರ ಮುಗಿಯಿತು.

ದೀಪಾವಳಿಗೆ ಮುಂಚೆಯೇ ಯಲಹಂಕದ ಮನೆ ನೋಡಲು ಹೋದೆವು. ಊರ ಗಿರಾಕಿಗಳನ್ನೆಲ್ಲ ಹಳಿದವನು ನಾನು, ಹೇಗೆ ನೋಡಿದೆ ಅಂತ ಕೇಳಿ. ಜಗುಲಿಯ ಮೇಲೆ ನಿಂತೆ. ಮಗಳ ಮನೆಯ ಕಿಟಕಿ ಕಂಡಿತು. ಕಿವಿ ಕೊಟ್ಟೆ. ಮಗು ಅಳುವುದು ಕೇಳಿಸಿತು. "ಆಯ್ತು, ಕೊಂಡ್ಕೊಂಡೆ" ಅಂದೆ. ಬಚ್ಚಲು ಎಲ್ಲಿದೆ ಅಂತ ಕೂಡ ನೋಡಲಿಲ್ಲ. ಅಲ್ಲಿಗೆ ಬಂದು ಕೂತ ಮೇಲೆ, ಬೇಸಿಗೆಯ ಮೊದಲ ದೊಡ್ಡ ಮಳೆಗೆ, ಬೀದಿಯ ನೀರೆಲ್ಲ ಸಾಲಾಗಿ ನಮ್ಮ ಜಗುಲಿ ಹತ್ತಿ ಒಳಗೆ ಬಂತು. ಪಕ್ಕದ ಮನೆಯಾತ ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಯಾಕ್ ಯಜಮಾನ್ರೇ, ತಗೊಳ್ಳೋಕ್ ಮುಂಚೆ ನೀರಿನ ವಿಷ್ಯ ಕೇಳಿರ್ಲಿಲ್ವಾ?" ಅಂದ. ಅವನ ದನಿಯಲ್ಲಿದ್ದ ತಾತ್ಸಾರ ನನಗೆ ಚೆನ್ನಾಗಿ ಗೊತ್ತಿದ್ದದ್ದೇ.

ಅಷ್ಟರಲ್ಲಿ ಅಳಿಯ ಕೊಡೆ ಹಿಡಿದು ಓಡಿ ಬಂದ. "ನೀರಲ್ಲಿ ಹೆಂಗಿರ್ತೀರ ಮಾವ, ನಮ್ಮನೆ ಎತ್ತರದಲ್ಲಿದೆ, ನಡೀರಿ" ಅಂದ. ಮನೆಗೆ ನೀರು ನುಗ್ಗಿದವರು ಮಗಳ ಮನೆಯಲ್ಲಿ ಮಲಗಿದರೆ ಯಾವ ಬೀಗರೂ ಆಡಿಕೊಳ್ಳುವ ಹಾಗಿಲ್ಲ. ಮೂರು ದಿನ ಇದ್ದೆವು. ಮಗು ನನ್ನ ಎದೆಯ ಮೇಲೇ ನಿದ್ದೆ ಮಾಡಿತು, ನನ್ನ ಎದೆಯ ಮೇಲೇ ಎದ್ದಿತು, ಉಳಿದ ಕೆಲಸವನ್ನೂ ಅಲ್ಲೇ ಮುಗಿಸಿತು.

ಮುನಿರಾಜು ಮೊನ್ನೆ ಇಲ್ಲಿಗೂ ಬಂದಿದ್ದ. "ಅಣ್ಣಾ, ಇದೂ ನೀರು ನುಗ್ಗೋ ಮನೆಯಂತೆ. ಕೆಂಪು ಪಟ್ಟಿ ಹೊಡೆಸಿ ದಾಟಿಸ್ಬಿಡೋಣ, ಗಿರಾಕಿ ಅವ್ನೆ" ಅಂದ. ಇಂಥ ಮನೆಗೆ ಬೆಲೆ ಕಟ್ಟುವ ಯೋಗ್ಯತೆ ನಿನಗಿಲ್ಲ ಹೋಗಯ್ಯ ಅಂತ ಗದರಿ ಕಳಿಸಿದೆ. ಆಮೇಲೆ ಮಗಳ ಮನೆಯ ಕಿಟಕಿ ಕಡೆ ನೋಡುತ್ತಾ ಹಾಸಿಗೆ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡೆ. ಜಯಮ್ಮ ಅಂಗಳಕ್ಕೆ ಹೋಗಿ ತಲೆ ಎತ್ತಿ ನೋಡಿ ಬಂದಳು.

"ಒಂದು ತುಣುಕು ಮೋಡ ಇಲ್ಲ ಕಣ್ರೀ. ಎಲ್ಲಿಗ್ ಹೊರಟ್ರಿ?"

"ಹೇಳೋಕಾಗಲ್ಲ ಕಣೆ" ಅಂದೆ. "ಬಂದ್ರೂ ಬರ್ಬೋದು."