ಅಳಿಯನ ಅಜ್ಜಿಗಾಗಿ ಕುಣಿಯಲು ಕಲಿತದ್ದು

"ನಿಮ್ಮ ಕೈಯಲ್ಲಿ ಒಂದು ಕೆಲಸಾನೂ ನೆಟ್ಟಗೆ ಆಗಲ್ಲ" ಎಂದು ನನ್ನ ಹೆಂಡತಿ ಮದುವೆಯಾದಾಗಿನಿಂದ ಹೇಳುತ್ತಾ ಬಂದಿದ್ದಾಳೆ. ಇದು ಅನ್ಯಾಯದ ಮಾತು. ಕೆಲಸ ಆಗುತ್ತದೆ, ನೆಟ್ಟಗೆ ಆಗುವುದಿಲ್ಲ, ಅಷ್ಟೆ. ಬೇರೆಯವರು ಎಲ್ಲಿಗಾದರೂ ಹೋಗಿ ಬಂದರೆ "ಹೋಗಿ ಬಂದ್ವಿ" ಎಂದು ಮುಗಿಸುತ್ತಾರೆ. ನಾನು ಹೋಗಿ ಬಂದರೆ ಮನೆಯವರು ಕುರ್ಚಿ ಎಳೆದುಕೊಂಡು ಕೂತು "ಈ ಸಲ ಏನಾಯ್ತು?" ಎನ್ನುತ್ತಾರೆ. ತೊಂಬತ್ತರ ದಶಕದ ಕೊನೆಯಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ನಾನೊಬ್ಬನೇ ಒಂದು ವಾರ ಸ್ಕಾಟಿಷ್ ಸಂಗೀತ ಮತ್ತು ಕುಣಿತದ ಶಾಲೆಗೆ ಹೋಗಿ ಬಂದಾಗಲೂ ಹಾಗೆಯೇ ಆಯಿತು.

ಪ್ರಯತ್ನ ಮಾಡ್ತೀನಿ

ನಮ್ಮ ಮನೆ ಲಂಡನ್ನಿನ ಪೂರ್ವದ ಇಲ್ಫರ್ಡ್‌ನಲ್ಲಿ, ಅಕ್ಕಪಕ್ಕದ ಗೋಡೆಗಳು ಅಂಟಿಕೊಂಡ ಮನೆಗಳ ಸಾಲಿನಲ್ಲಿ. ನನ್ನ ಕೆಲಸ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ. ಇಪ್ಪತ್ತೆರಡು ವರ್ಷ ಜನರಿಗೆ "ಅಲ್ಲಾಡಬೇಡಿ" ಎಂದು ಹೇಳಿಯೇ ಸಂಬಳ ತೆಗೆದುಕೊಂಡವನು. ಅಂಥವನ ಮಗಳು ಒಬ್ಬ ಸ್ಕಾಟಿಷ್ ಹುಡುಗನನ್ನು ಮೆಚ್ಚಿಕೊಂಡಳು. ಹುಡುಗ ಒಳ್ಳೆಯವನು, ಮಾತು ಕಡಿಮೆ, ಊಟ ಜಾಸ್ತಿ. ನಮಗೆ ಬೇಡ ಎನ್ನಲು ಏನೂ ಸಿಗಲಿಲ್ಲ.

ಒಂದು ಭಾನುವಾರ ಅವನು ತನ್ನ ಅಜ್ಜಿಯನ್ನು ನಮ್ಮ ಮನೆಗೆ ಊಟಕ್ಕೆ ಕರೆತಂದ. ಅಜ್ಜಿಗೆ ಎಂಬತ್ತರ ಹತ್ತಿರ. ಬಿಸಿಬೇಳೆ ಬಾತನ್ನು ಎರಡು ಸಲ ಹಾಕಿಸಿಕೊಂಡು, ಮೂಗು ಒರೆಸಿಕೊಂಡು, ನನ್ನ ಕಡೆ ತಿರುಗಿದರು. "ಮದುವೆಯ ಸಂಜೆ ನಮ್ಮ ಪದ್ಧತಿಯ ಕುಣಿತ ಇರುತ್ತೆ. ಮೊದಲನೇ ಕುಣಿತಕ್ಕೆ ಹುಡುಗಿಯ ತಂದೆ ನನ್ನ ಜೊತೆ ನಿಲ್ಲಬೇಕು" ಎಂದರು.

ಹಿರಿಯರು ಕೇಳಿದಾಗ ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವುದು ನಮ್ಮ ಕಡೆ ಇಲ್ಲವಲ್ಲ. "ಖಂಡಿತ ಪ್ರಯತ್ನ ಮಾಡ್ತೀನಿ" ಎಂದೆ. ಮೈಸೂರಿನಲ್ಲಿ ಹೀಗೆಂದರೆ ಕೇಳಿದವರು ಅರ್ಥ ಮಾಡಿಕೊಂಡು ಬೇರೆಯವರನ್ನು ಹುಡುಕಿಕೊಳ್ಳುತ್ತಾರೆ. ಅಜ್ಜಿ ಕೈಚೀಲದಿಂದ ಡೈರಿ ತೆಗೆದು ನನ್ನ ಹೆಸರು ಬರೆದುಕೊಂಡರು.

ಅವರನ್ನು ಕಳಿಸಿ ಬಂದ ಮಗಳು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಜ್ಜ ತೀರಿಕೊಂಡು ಎರಡು ವರ್ಷವಾಯಿತಂತೆ. ಅವತ್ತಿನಿಂದ ಅಜ್ಜಿ ಒಂದೇ ಒಂದು ದಿನ ಕುಣಿದಿಲ್ಲವಂತೆ, ಯಾರು ಕರೆದರೂ ಕಾಲುನೋವು ಎನ್ನುತ್ತಾರಂತೆ. ಈಗ ತಾವಾಗಿಯೇ ಕೇಳಿದ್ದು ಕಂಡು ಹುಡುಗನಿಗೆ ಕಾರಿನಲ್ಲಿ ಕಣ್ಣೀರು ಬಂತಂತೆ. ಇಷ್ಟನ್ನೂ ಇಂಗ್ಲಿಷಿನಲ್ಲಿ ಹೇಳಿದ ಮಗಳು ಕೊನೆಗೆ, "ಅಪ್ಪಾ, ಪ್ಲೀಸ್, ಇಲ್ಲ ಅನ್ನಬೇಡ" ಎಂದಳು. ಅವಳ ಬಾಯಲ್ಲಿ ಕನ್ನಡ ಕೇಳಿ ನನಗೆ ನಿಜಕ್ಕೂ ಭಯವಾಯಿತು. ಆ ಮುದುಕಿಯ ಆಸೆ ನನ್ನಿಂದ ಹಾಳಾದರೆ ನಾನು ಯಾರಿಗೆ ಮುಖ ತೋರಿಸಲಿ?

"ಅದರಲ್ಲೇನಿದೆ, ನಾಲ್ಕು ಹೆಜ್ಜೆ ತಾನೇ, ಕಲಿತರಾಯ್ತು" ಎಂದೆ ಹೆಂಡತಿಗೆ, ಧೈರ್ಯ ನಟಿಸುತ್ತಾ.

"ರೀ, ನಮ್ಮ ಮದುವೇಲಿ ಸಪ್ತಪದಿಗೆ ಎಂಟು ಹೆಜ್ಜೆ ಇಟ್ಟೋರು ನೀವು" ಎಂದಳು ಅವಳು.

ಬಾಗಿಲಲ್ಲಿ ಬಿಟ್ಟದ್ದು

ಲಂಡನ್ನಿನ ಪಶ್ಚಿಮದ ತುದಿಯಲ್ಲಿ ಒಂದು ಚರ್ಚ್ ಹಾಲ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಒಂದು ವಾರ ಈ ಶಾಲೆ ನಡೆಯುತ್ತದೆ ಎಂದು ಲೈಬ್ರರಿಯ ಫಲಕದಿಂದ ತಿಳಿಯಿತು. ಬೆಳಿಗ್ಗೆ ಕುಣಿತ, ಮಧ್ಯಾಹ್ನ ಸಂಗೀತ. ಕಲಿಯಲಾಗದಿದ್ದರೆ ನಗೆಪಾಟಲಾಗಬಾರದೆಂದು ಮಗಳಿಗೆ ಆಸ್ಪತ್ರೆಯ ಟ್ರೈನಿಂಗ್ ಎಂದು ಸುಳ್ಳು ಹೇಳಿ ರಜೆ ಹಾಕಿದೆ. ಹೆಂಡತಿ "ಕುಣಿಯೋಕೆ ನಾನು ಬರಲ್ಲ" ಎಂದು ಕೈ ತೊಳೆದುಕೊಂಡಳು. ಆದರೂ ಕಾಶಿಯಾತ್ರೆಗೆ ಹೊರಟವನಿಗೆ ಕಟ್ಟಿಕೊಡುವಂತೆ ಪುಳಿಯೋಗರೆ, ಚಪಾತಿ, ಎರಡು ಬಗೆಯ ಪಲ್ಯ ಕಟ್ಟಿಕೊಟ್ಟಳು. ಲಿವರ್‌ಪೂಲ್ ಸ್ಟ್ರೀಟ್‌ವರೆಗೆ ರೈಲು, ಅಲ್ಲಿಂದ ಟ್ಯೂಬ್ ಎಂಬ ನೆಲದಡಿಯ ರೈಲು, ಅದು ಮುಗಿದ ಮೇಲೆ ಬಸ್ಸು. ಒಂದೂ ಮುಕ್ಕಾಲು ಗಂಟೆಯ ದಾರಿ.

ಹಾಲ್‌ನ ಬಾಗಿಲಿಗೆ ಬಂದರೆ ಗೋಡೆಯುದ್ದಕ್ಕೂ ಮೂವತ್ತು ಜೊತೆ ಬೂಟುಗಳು ಸಾಲಾಗಿದ್ದವು. ನನ್ನ ಮನಸ್ಸು ತುಂಬಿ ಬಂತು. ವಿದ್ಯೆ ಕಲಿಯುವ ಜಾಗಕ್ಕೆ ಇವರೂ ಮರ್ಯಾದೆ ಕೊಡುತ್ತಾರಲ್ಲ ಎಂದುಕೊಂಡೆ. ಬೂಟು ಬಿಚ್ಚಿದೆ, ಕಾಲುಚೀಲ ಬಿಚ್ಚಿ ಅದರೊಳಗೆ ತುರುಕಿದೆ, ಹೊಸ್ತಿಲನ್ನು ಮುಟ್ಟಿ ನಮಸ್ಕರಿಸಿ ಒಳಗೆ ಹೋದೆ.

ಒಳಗೆ ಎಲ್ಲರ ಕಾಲಲ್ಲೂ ಲೇಸು ಕಟ್ಟಿದ ಮೆತ್ತನೆಯ ಕಪ್ಪು ಕುಣಿತದ ಶೂಗಳು. ಹೊರಗಿನ ಬೂಟು ಬಿಟ್ಟು ಇವನ್ನು ಹಾಕಿಕೊಳ್ಳುವುದು ಅಲ್ಲಿನ ಕ್ರಮ. ಟೀಚರ್, ಬೆಳ್ಳಿಕೂದಲಿನ, ನೆಟ್ಟನೆಯ ಬೆನ್ನಿನ ಹೆಂಗಸು, ನನ್ನ ಬರಿಗಾಲನ್ನು ಬಹಳ ಹೊತ್ತು ನೋಡಿದರು.

"ಶೂ ಮರೆತು ಬರೋರನ್ನ ನೋಡಿದ್ದೀನಿ. ಕಾಲುಚೀಲ ಸಮೇತ ಮರೆತು ಬಂದವರು ನೀವೇ ಮೊದಲು" ಎಂದರು.

ಮನೆಗೆ ಕೊಟ್ಟ ವರದಿ

"ನಿಮ್ಮ ಜೊತೆ ಯಾರು ಬಂದಿದ್ದಾರೆ?" ಎಂದು ಹೆಸರು ಬರೆದುಕೊಳ್ಳುವ ಮಹಿಳೆ ಕೇಳಿದರು. ಯಾರೂ ಇಲ್ಲ ಎಂದೆ. ಅವರ ಮುಖ ಅರಳಿತು. ಅಲ್ಲಿ ಹೆಂಗಸರು ಜಾಸ್ತಿ, ಗಂಡಸರು ಬೆರಳೆಣಿಕೆ. ಬಂದ ಗಂಡಸರೆಲ್ಲ ಅವರವರ ಹೆಂಡತಿಯ ಪಕ್ಕದಲ್ಲಿ ಅಂಟಿಕೊಂಡಿದ್ದರು. ಒಂಟಿಯಾಗಿ ಬಂದವನು ನಾನೊಬ್ಬನೇ. ಮೇಲಾಗಿ ಅಲ್ಲೊಂದು ನಿಯಮ: ಪ್ರತಿ ಕುಣಿತಕ್ಕೂ ಜೊತೆ ಬದಲಾಗಬೇಕು, ಯಾರು ಬಂದು ಕರೆದರೂ ಒಲ್ಲೆ ಎನ್ನಬಾರದು.

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ರಸ್ತೆ ದಾಟುವಾಗಲೂ ಹೆಂಡತಿಯ ಕೈ ಹಿಡಿದವನಲ್ಲ ನಾನು. ಆ ಬೆಳಿಗ್ಗೆ ಒಂದು ಕುಣಿತ ಮುಗಿಯುವುದರೊಳಗೆ ಇನ್ನೊಬ್ಬಾಕೆ ಮುಂದೆ ಬಂದು ಕೈ ಚಾಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಬೆವರಿನಲ್ಲಿ ಅಂಗಿ ಅಂಟಿತ್ತು, ಅದರಲ್ಲಿ ಅರ್ಧ ನಾಚಿಕೆಯ ಬೆವರು.

ಮನೆಗೆ ಬಂದು ಬಚ್ಚಿಡಬಾರದು ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಹೆಂಡತಿ ಹುರುಳಿಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು. ಚಾಕು ಕೈಯಲ್ಲೇ ಇತ್ತು.

"ಎಷ್ಟು ಜನ?"

"ಹನ್ನೊಂದು."

"ಹನ್ನೊಂದು ಜನ ಹೆಂಗಸರ ಕೈ ಹಿಡಿದ್ರಾ?"

"ನಾನೆಲ್ಲಿ ಹಿಡಿದೆ, ಅವರೇ ಹಿಡಿದರು."

ಅವಳು ಚಾಕು ಕೆಳಗಿಟ್ಟಳು. "ಅವರಲ್ಲಿ ಎಷ್ಟು ಜನಕ್ಕೆ ಮಂಡಿನೋವು?"

"ಒಂಬತ್ತು ಜನಕ್ಕೆ. ಬಿಡುವಿದ್ದಾಗ ಅದೇ ಮಾತು, ನಾನು ಎಕ್ಸ್-ರೇ ಅಂತ ಗೊತ್ತಾದ ಮೇಲೆ."

"ಹಾಗಾದ್ರೆ ನಾಳೇನೂ ಹೋಗಿ" ಎಂದು ಹುರುಳಿಕಾಯಿಗೆ ವಾಪಸಾದಳು.

ಎಂಟು ಕೈಗಳು

ಎರಡನೆಯ ದಿನ ನಾಲ್ಕು ನಾಲ್ಕು ಜನರನ್ನು ನಿಲ್ಲಿಸಿದರು. ನಾಲ್ವರೂ ನಡುವೆ ಬಲಗೈ ಸೇರಿಸಿ ಗಾಣದ ಎತ್ತಿನ ಹಾಗೆ ಒಂದು ಸುತ್ತು ಬರಬೇಕು. ಆಮೇಲೆ ತಿರುಗಿ, ಎಡಗೈ ಸೇರಿಸಿ, ಬಂದ ದಾರಿಯಲ್ಲೇ ವಾಪಸು. ಮೊದಲ ಭಾಗ ಚೆನ್ನಾಗಿ ಆಯಿತು. ತಿರುಗಿದಾಗ ಮೂವರು ಎಡಗೈ ಕೊಟ್ಟರು, ನಾನು ಮತ್ತೆ ಬಲಗೈಯನ್ನೇ ಕೊಟ್ಟೆ. ಹಾಗೆ ಕೊಟ್ಟರೆ ಹಿಮ್ಮುಖವಾಗಿ ನಡೆಯಬೇಕಾಗುತ್ತದೆ. ಮೂರು ಹೆಜ್ಜೆ ನಡೆದು ಹಿಂದಿದ್ದ ನಿವೃತ್ತ ಲೈಬ್ರೇರಿಯನ್ ಒಬ್ಬರಿಗೆ ಢಿಕ್ಕಿ ಹೊಡೆದೆ.

ಟೀಚರ್ ಸಂಗೀತ ನಿಲ್ಲಿಸಿ ಬಂದರು. "ಯಾಕೆ? ಎಡಗೈಗೆ ಏನಾದ್ರೂ ಪೆಟ್ಟಾಗಿದೆಯಾ?"

"ಇಲ್ಲ ಮೇಡಂ. ನಮ್ಮಲ್ಲಿ ಎಡಗೈ ಮುಂದೆ ಮಾಡಿದ್ರೆ ಅವಮರ್ಯಾದೆ. ಇವರೆಲ್ಲ ನನಗಿಂತ ದೊಡ್ಡವರು, ಹೇಗೆ ಮಾಡ್ಲಿ?" ಎಂದೆ.

ಅವರಿಗೆ ಕೋಪ ಬರಲಿಲ್ಲ. "ಇಲ್ಲಿ ಯಾರಿಗೂ ಬೇಜಾರಾಗಲ್ಲ, ನಾನು ಹೇಳ್ತೀನಲ್ಲ" ಎಂದರು. ಟೀಚರ್ ಮಾತು ಮೀರುವಂತಿಲ್ಲ, ಅಮ್ಮ ಕಲಿಸಿದ್ದನ್ನು ಬಿಡುವಂತಿಲ್ಲ. ನಾನೊಂದು ದಾರಿ ಕಂಡುಕೊಂಡೆ. ಎಡಗೈಯಲ್ಲಿ ಏನಾದರೂ ಕೊಡಲೇಬೇಕಾದಾಗ ಬಲಗೈಯನ್ನೂ ತಾಗಿಸಿ ಕೊಟ್ಟರೆ ದೋಷವಿಲ್ಲ. ಮುಂದಿನ ಸುತ್ತಿನಲ್ಲಿ ಎಡಗೈ ಚಾಚಿ, ಬಲಗೈಯಿಂದ ಅದರ ಮಣಿಕಟ್ಟು ಹಿಡಿದು, ತಲೆ ಸ್ವಲ್ಪ ಬಗ್ಗಿಸಿ ಮುಂದೆ ಇಟ್ಟೆ.

ಉಳಿದ ಮೂವರು ಬಹಳ ಸಭ್ಯರು. ನಾನೊಬ್ಬನೇ ಬೇರೆ ಥರ ಮಾಡುತ್ತಿದ್ದೇನೆ ಎಂದು ನನಗೆ ಅನ್ನಿಸಬಾರದೆಂದು ಅವರೂ ಎರಡೆರಡು ಕೈ ಮುಂದೆ ಇಟ್ಟರು. ನಡುವೆ ಎಂಟು ಕೈ ಸೇರಿದವು. ಪಿಟೀಲು ವೇಗವಾಯಿತು, ನಾವು ಸುತ್ತಿದೆವು, ಕೈಗಳು ಜಡೆ ಹೆಣೆದ ಹಾಗೆ ಹೆಣೆದುಕೊಂಡವು. ಆಮೇಲೆ ಬಿಡಿಸಿಕೊಳ್ಳಲು ಯಾರಿಂದಲೂ ಆಗಲಿಲ್ಲ.

ಟೀಚರ್ ಬಂದು ಗಂಟಿನೊಳಗಿಂದ ಒಂದು ಕೈಯನ್ನು ಎತ್ತಿ ಹಿಡಿದು "ಇದು ಯಾರದ್ದು?" ಎಂದರು.

ನಾಲ್ವರೂ ಒಟ್ಟಿಗೆ "ನನ್ನದಲ್ಲ" ಎಂದೆವು.

ಮೆಚ್ಚುಗೆ

ಗುರುವಾರದ ಹೊತ್ತಿಗೆ ಎಡಗೈ ತಾನಾಗಿಯೇ ಮುಂದೆ ಹೋಗತೊಡಗಿತ್ತು. ಟೀಚರ್ "ಪರವಾಗಿಲ್ಲ, ಇನ್ನು ನೀವು ಯಾರನ್ನೂ ಕೆಡವಲ್ಲ" ಎಂದಿದ್ದರು. ಆ ಸಂತೋಷದಲ್ಲಿ ಮಧ್ಯಾಹ್ನ ಸಂಗೀತ ಕೇಳಲು ಮೊದಲ ಸಾಲಿನಲ್ಲೇ ಕೂತೆ. ಪಿಟೀಲು ನುಡಿಸುವವನು ಆರಡಿ ಎತ್ತರದ ಗಡ್ಡದ ಆಸಾಮಿ, ಹೊಟ್ಟೆಪಾಡಿಗೆ ಪೋಸ್ಟ್‌ಮನ್. ನಿಧಾನದ ಒಂದು ಹಾಡು ಎತ್ತಿಕೊಂಡ. ಗಂಡ ಸಮುದ್ರಕ್ಕೆ ಹೋದವಳ ಹಾಡು ಎಂದು ಮೊದಲೇ ಹೇಳಿದ್ದ. ಎಷ್ಟು ಚೆನ್ನಾಗಿತ್ತೆಂದರೆ ನಾನು ಮೈಸೂರಿನ ಸಂಗೀತ ಕಚೇರಿಯಲ್ಲಿ ಕೂತವನ ಹಾಗೆ ಮೈಮರೆತೆ. ಕಣ್ಣು ಮುಚ್ಚಿ, ತೊಡೆಯ ಮೇಲೆ ತಾಳ ಹಾಕುತ್ತಾ, ತಲೆಯನ್ನು ಅತ್ತಿತ್ತ ಆಡಿಸುತ್ತಾ "ತ್ಚ್ ತ್ಚ್ ತ್ಚ್" ಎಂದು ಲೊಚಗುಟ್ಟಿದೆ. ನಮ್ಮ ತಂದೆಯ ಕಾಲದಿಂದ ದೊಡ್ಡ ವಿದ್ವಾಂಸರಿಗೆ ಮಾತ್ರ ಸಲ್ಲುವ ಮೆಚ್ಚುಗೆ ಅದು.

ಹಾಡು ಸ್ವಲ್ಪ ತಡವರಿಸಿತು. ನಾನು ಇನ್ನೂ ಪ್ರೋತ್ಸಾಹ ಬೇಕೇನೋ ಎಂದು ಇನ್ನೂ ಜೋರಾಗಿ ಲೊಚಗುಟ್ಟಿದೆ. ಕಣ್ಣು ಬಿಟ್ಟಾಗ ಪೋಸ್ಟ್‌ಮನ್ ಕಿವಿ ಕೆಂಪಾಗಿತ್ತು, ಅಕ್ಕಪಕ್ಕದವರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ಅವರ ದೇಶದಲ್ಲಿ ಮಕ್ಕಳು ಹಾಲು ಚೆಲ್ಲಿದರೆ ಮಾಡುವ ಸದ್ದಂತೆ ಅದು.

ಚಹಾದ ಬಿಡುವಿನಲ್ಲಿ ಅವನೇ ಹತ್ತಿರ ಬಂದ. "ಸರ್, ಎಲ್ಲಿ ತಪ್ಪಿದೆ ಅಂತ ಹೇಳ್ತೀರಾ?"

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಮ್ಮ ಊರಿನ ರಸಿಕರ ಪದ್ಧತಿಯನ್ನೆಲ್ಲ ವಿವರಿಸಿ, ಇದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ ಎಂದೆ. ಅವನು ಸಮಾಧಾನದ ಉಸಿರು ಬಿಟ್ಟು ನನ್ನ ಕೈ ಕುಲುಕಿದ.

"ತುಂಬಾ ಥ್ಯಾಂಕ್ಸ್ ಸರ್. ಬಿಡುವಾದ ಮೇಲೆ ಇನ್ನೂ ನಾಲ್ಕು ಹಾಡು ಇವೆ. ದಯವಿಟ್ಟು ನನ್ನನ್ನು ಹೊಗಳಬೇಡಿ" ಎಂದ.

ಅಜ್ಜಿಯ ಸರದಿ

ಅಕ್ಟೋಬರಿನಲ್ಲಿ ಮದುವೆ. ಬೆಳಿಗ್ಗೆ ನಮ್ಮ ಶಾಸ್ತ್ರ, ಸಂಜೆ ಅವರ ಕುಣಿತ. ಗಂಡಸರೆಲ್ಲ ಒಂದು ಸಾಲು, ಎದುರಿಗೆ ಹೆಂಗಸರ ಸಾಲು. ಎರಡೂ ಸಾಲಿನ ತಲೆಗೆ ನಾನು ಮತ್ತು ಅಜ್ಜಿ. ಅವರ ಕೈ ಹಗುರವಾಗಿತ್ತು, ತಣ್ಣಗಿತ್ತು.

"ಎರಡು ವರ್ಷ ಆಯ್ತು ನಾನು ಕುಣಿದು" ಎಂದರು.

"ನನಗೆ ಐವತ್ತೆರಡು ವರ್ಷ ಆಯ್ತು" ಎಂದೆ. ಅಜ್ಜಿ ನಕ್ಕರು.

ಸಂಗೀತ ಶುರುವಾಯಿತು. ಮುಂದೆ ಹೋದೆ, ಬಗ್ಗಿದೆ, ಬಲಗೈ ಸುತ್ತು, ಎಡಗೈ ಸುತ್ತು, ಎಲ್ಲವೂ ಲೆಕ್ಕಕ್ಕೆ ಸರಿಯಾಗಿ ಬಂತು. ಅಜ್ಜಿ ಹುಡುಗಿಯ ಹಾಗೆ ಕುಣಿಯುತ್ತಿದ್ದರು. ಆಸ್ಪತ್ರೆಯ ಟ್ರೈನಿಂಗ್ ಎಂದು ನಂಬಿದ್ದ ಮಗಳು ಬಾಯಿ ತೆರೆದುಕೊಂಡು ನಿಂತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳ ಕಡೆ ತಿರುಗಿ ಕಣ್ಣು ಹೊಡೆದೆ. ಅದೇ ಕ್ಷಣದಲ್ಲಿ ನನ್ನ ಬಲಗಾಲು ಅಜ್ಜಿಯ ಎಡಗಾಲಿನ ಮೇಲೆ ಬಿತ್ತು.

ಯಾರಿಗಾದರೂ ಕಾಲು ತಾಗಿದರೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು ನಮಗೆ ಉಸಿರಾಡಿದಷ್ಟೇ ಸಹಜ. ಯೋಚನೆ ಮಾಡುವ ಮೊದಲೇ ಕೈ ಹೋಗಿರುತ್ತದೆ. ಇದಂತೂ ಬರೀ ತಾಗಿದ್ದಲ್ಲ, ಹಿರಿಯರನ್ನು ತುಳಿದದ್ದು. ಕುಣಿತ ಜೋರಿನಲ್ಲಿದ್ದಾಗಲೇ ನಾನು ಥಟ್ಟನೆ ಬಗ್ಗಿ, ಅವರ ಕಾಲು ಮುಟ್ಟಿ, ಎರಡೂ ಕೈ ಕಣ್ಣಿಗೆ ಒತ್ತಿಕೊಂಡೆ. ನಮ್ಮ ಹಿಂದೆ ಬರುತ್ತಿದ್ದ ಹುಡುಗನ ಚಿಕ್ಕಪ್ಪ, ದೊಡ್ಡ ದೇಹದವರು, ನನ್ನ ಬೆನ್ನಿಗೆ ಎಡವಿ ಆ ಕಡೆ ಬಿದ್ದರು. ಅವರ ಮೇಲೆ ಅವರ ಹೆಂಡತಿ. ಅವರಿಬ್ಬರನ್ನು ತಪ್ಪಿಸಲು ಹೋದ ಇನ್ನೊಂದು ಜೋಡಿ ಕೇಕಿನ ಮೇಜಿಗೆ ತಗುಲಿ ನಿಂತಿತು. ಸಂಗೀತ ನಿಂತಿತು. ಮಂಡಿಯೂರಿ ಕಣ್ಣಿಗೆ ಕೈ ಹಿಡಿದ ನನ್ನನ್ನು ನೋಡಿ ಯಾರೋ "ಪಾಪ, ಅಳ್ತಿದ್ದಾರೆ" ಎಂದರು.

ಅಳು ನಿಜವಾಗಿಯೂ ಹತ್ತಿರವೇ ಇತ್ತು. ಎರಡು ವರ್ಷದ ಮೇಲೆ ಮುದುಕಿ ಒಂದು ಕುಣಿತಕ್ಕೆ ಮನಸ್ಸು ಮಾಡಿದ್ದರು, ಅದನ್ನೂ ಹಾಳು ಮಾಡಿದ್ದೆ. ಮಗಳು ಮುಖ ಮುಚ್ಚಿಕೊಂಡಿದ್ದಳು.

"ಕೆಳಗೆ ಏನು ಮಾಡ್ತಿದ್ದೀಯ?" ಎಂದರು ಅಜ್ಜಿ.

"ನಿಮ್ಮ ಕಾಲು ತುಳಿದೆ. ಅದಕ್ಕೆ ಕಾಲಿನ ಹತ್ರ ಕ್ಷಮೆ ಕೇಳಿದೆ. ನಮ್ಮಲ್ಲಿ ಹಾಗೇ" ಎಂದೆ ತಲೆ ಎತ್ತದೆ.

ಅಜ್ಜಿ ತಮ್ಮ ಕಾಲನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. "ನನ್ನ ಗಂಡ ಐವತ್ತು ವರ್ಷ ಇದೇ ಕಾಲನ್ನು ತುಳಿದ. ತಪ್ಪು ಕಾಲಿನದೇ ಅಂತಿದ್ದ" ಎಂದು ನಕ್ಕರು. ನಗುನಗುತ್ತಲೇ ಕಣ್ಣು ಒರೆಸಿಕೊಂಡು, ನನ್ನ ತೋಳು ಹಿಡಿದು ಎಬ್ಬಿಸಿ, ಪಿಟೀಲಿನವನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದರು:

"ಮೊದಲಿಂದ ಬಾರಿಸಪ್ಪ. ನನ್ನ ಇನ್ನೊಂದು ಕಾಲು ಬಾಕಿ ಇದೆ."