ಎಂತದೂ ಇಲ್ಲದ ಅಜ್ಜಂದಿರು ಬೇಕಾಗಿದ್ದಾರೆ

ರೋಗಿಗಳನ್ನು ಹುಡುಕುವುದು ಸುಲಭ. ಆರೋಗ್ಯವಂತರನ್ನು ಹುಡುಕಲು ಹೊರಟು ನೋಡಿ, ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಎಂಬತ್ತರ ದಶಕದಲ್ಲಿ ನಾನು ಮಂಗಳೂರಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಕೈಕಾಲು ನಡುಗುವ ಕಂಪವಾತದವರ ಮಿದುಳು ಆಮ್ಲಜನಕ ತಗುಲಿ ಕಬ್ಬಿಣಕ್ಕೆ ತುಕ್ಕು ಹಿಡಿದಂತೆ ಕೆಡುತ್ತದಾ ಎಂದು ಅವರ ರಕ್ತದಲ್ಲಿ ಹುಡುಕುವ ಕೆಲಸ. ಹೋಲಿಸಿ ನೋಡಲು ಅದೇ ಪ್ರಾಯದ ಆರೋಗ್ಯವಂತರ ರಕ್ತವೂ ಬೇಕು. ಅವರಿಗೆ ಬೀಡಿ, ನಶ್ಯ ಯಾವುದೂ ಇರಬಾರದು, ಹೊಗೆಸೊಪ್ಪಿನಿಂದ ಲೆಕ್ಕವೇ ಕೆಟ್ಟುಹೋಗುತ್ತದೆ. ಇಂಥವರಿಗೆ ನಮ್ಮ ಲ್ಯಾಬಿನ ಭಾಷೆಯಲ್ಲಿ ‘ಕಂಟ್ರೋಲ್’ ಎಂದು ಹೆಸರು.

೧

ಮೊದಲು ಹೋದದ್ದು ಕುಲಶೇಖರದ ನಮ್ಮ ನೆರೆಮನೆಯ ಮಾವನ ಹತ್ತಿರ.

"ನನಗೆ ಎಂತದೂ ಇಲ್ಲವಲ್ಲ ಮಗಾ, ರಕ್ತ ಎಂತಕ್ಕೆ?"

"ಎಂತದೂ ಇಲ್ಲ ಅಂತಲೇ ಮಾವ. ನಿಮ್ಮಷ್ಟು ಗಟ್ಟಿ ಜನ ಈ ಓಣಿಯಲ್ಲಿ ಬೇರೆ ಯಾರುಂಟು?"

ಮಾವ ಉಬ್ಬಿಹೋಗಿ ತೋಳು ಚಾಚಿದರು. ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಸ್ವರ ಬಂತು: "ಕೇಳಿದ್ರಾ ಮಾರಾಯ್ರೆ? ಓದಿದ ಹುಡುಗಿಯೇ ಹೇಳ್ತಿದ್ದಾಳೆ. ಇನ್ನು ಬಾವಿಯಿಂದ ನೀರು ನೀವೇ ಸೇದಿ."

ಮಾವ ತೋಳು ಎಳೆದುಕೊಂಡು ಸೊಂಟ ಹಿಡಿದರು. "ನನ್ನನ್ನು ಬಿಡು ಮಗಾ. ನಿನ್ನ ಆ ಕಾಯಿಲೆಯವರ ಪಟ್ಟಿಯಲ್ಲಿ ಜಾಗ ಉಂಟಾ?"

೨

ಹಂಪನಕಟ್ಟೆಯ ಒಬ್ಬ ಹೋಟೆಲ್ ಧಣಿಗಳು ಒಪ್ಪಿದರು. ಗಲ್ಲಾದಲ್ಲೇ ಕೂತು, "ಇದರಲ್ಲಿ ಎಂತ ನೋಡುವುದು?" ಎಂದು ಕೇಳಿದರು. ಅವರಿಗೆ ಅರ್ಥವಾಗಲಿ ಎಂದು ಉತ್ಸಾಹದಿಂದ, ಸ್ವಲ್ಪ ಜೋರಾಗಿಯೇ ಹೇಳಿದೆ: "ತೆಂಗಿನೆಣ್ಣೆ ಹಳತಾದರೆ ಕಮಟು ಆಗುವುದಿಲ್ಲವಾ? ನಿಮ್ಮಲ್ಲಿ ಹಾಗೆ ಎಷ್ಟು ಆಗಿದೆ ಅಂತ ಪರೀಕ್ಷೆ ಮಾಡುವುದು."

ಎಣ್ಣೆಯಲ್ಲಿ ಕರಿದ ಬನ್ಸ್ ತಿನ್ನುತ್ತಿದ್ದವರ ಕೈ ಬಾಯಿಯ ಹತ್ತಿರವೇ ನಿಂತಿತು. ಒಬ್ಬರು ತಟ್ಟೆ ದೂಡಿ ಎದ್ದರು, ಅವರ ಹಿಂದೆ ಇಡೀ ಬೆಂಚೇ ಎದ್ದಿತು.

ಧಣಿಗಳು ಕೈಮುಗಿದರು. "ನನ್ನ ರಕ್ತ ಹೇಗಾದರೂ ಇರಲಿ ಮಾರಾಯ್ತಿ. ಮೊದಲು ನನ್ನ ಎಣ್ಣೆ ಒಳ್ಳೇದುಂಟು ಅಂತ ಇವರಿಗೆ ಹೇಳು!"

೩

ಮಾರ್ಚ್ ಬಂತು. ಹೇಗೋ ಉಳಿದವರೆಲ್ಲರೂ ಸಿಕ್ಕಿ ಕೊನೆಗೆ ಒಬ್ಬ ಕಂಟ್ರೋಲ್ ಮಾತ್ರ ಬಾಕಿ. "ಮೇ ತಿಂಗಳೊಳಗೆ ಆಗದಿದ್ದರೆ ನಿನ್ನ ಪ್ರಬಂಧ ಮುಂದಿನ ವರ್ಷಕ್ಕೆ" ಎಂದರು ನನ್ನ ಪ್ರೊಫೆಸರ್. ನನಗೆ ನಿದ್ದೆಯೇ ಹಾರಿಹೋಯಿತು.

ಅದೇ ವಾರ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಸೀರೆ ಉಟ್ಟು ಕಾಫಿ, ಗೋಳಿಬಜೆ ತಂದೆ. ಹುಡುಗನ ಅಜ್ಜ ತುಂಬಿದ ಲೋಟ ಎತ್ತಿದರು. ಒಂದು ಹನಿಯೂ ತುಳುಕಲಿಲ್ಲ. ದೇವರೇ, ಎಂಥ ಕೈ! ಹುಡುಗನನ್ನು ನೋಡುವುದೇ ಮರೆತುಹೋಯಿತು.

"ಅಜ್ಜ, ಪ್ರಾಯ ಎಷ್ಟು?"

"ಎಪ್ಪತ್ತೆರಡು."

"ಬೀಡಿ?"

"ಇಲ್ಲ."

"ನಶ್ಯ?"

"ಛೆ ಛೆ!"

ಅಮ್ಮ ಹಿಂದಿನಿಂದ ಚಿವುಟಿದರು. ನಾನು ಓಡಿಹೋಗಿ ಸಿರಿಂಜ್ ತಂದೆ. ಅಜ್ಜ ಖುಷಿಯಿಂದ ತೋಳು ಕೊಟ್ಟರು. ಕೆಂಪು ಕಂಡದ್ದೇ ಹುಡುಗ ಕುರ್ಚಿಯಿಂದ ಜಾರಿ ನೆಲಕ್ಕೆ! ಅಪ್ಪ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದರು.

"ಇನ್ನು ನಿನ್ನನ್ನು ಯಾರು ಮದುವೆ ಆಗ್ತಾರೆ?" ಎಂದು ಅಮ್ಮ ರಾತ್ರಿ ಊಟ ಬಿಟ್ಟರು. ಬೆಳಿಗ್ಗೆ ಅಜ್ಜನ ಮಾತು ಬಂತು: "ಚುಚ್ಚಿದ್ದೇ ಗೊತ್ತಾಗಲಿಲ್ಲ. ಹುಡುಗಿ ಇವಳೇ." ಆ ಮನೆಯಲ್ಲಿ ಅಜ್ಜನ ಮಾತಿಗೆ ಎದುರು ಮಾತಿಲ್ಲ.

೪

ಮದುವೆ ಮೇ ತಿಂಗಳಲ್ಲಿ. ಗಂಡನ ಮನೆಗೆ ಹೊರಡುವ ಹೊತ್ತು, ಕಾರಿನ ಬಾಗಿಲು ತೆರೆದಿದೆ. ಪಕ್ಕದಲ್ಲಿದ್ದ ಅಜ್ಜ ಸೊಂಟದಿಂದ ಸಣ್ಣ ಡಬ್ಬಿ ತೆಗೆದು, ಚಿಟಿಕೆ ಮೂಗಿಗೆ ಏರಿಸಿ, ಘನವಾಗಿ ಸೀನಿದರು.

"ಅಜ್ಜ! ಇದೆಂತ?"

"ನಶ್ಯ ಮಗಾ. ಪ್ರಾಯಕಾಲದಿಂದ ಉಂಟು. ಅವತ್ತು ಹೌದು ಅಂದಿದ್ದರೆ ನೀನು ಬೇರೆ ಅಜ್ಜನನ್ನು ಹುಡುಕಿಕೊಂಡು ಹೋಗ್ತಿದ್ದೆ ಅಲ್ಲವಾ?"

ನನ್ನ ಪ್ರಬಂಧ ಹೊಳೆಗೆ ಬಿತ್ತು! ಗೊಳೋ ಎಂದು ಅತ್ತುಬಿಟ್ಟೆ. ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿದರು. "ಪಾಪ, ತವರು ಬಿಡುವ ಸಂಕಟ!" ಅಮ್ಮನಂತೂ, "ನಮ್ಮ ಮೇಲೆ ನಿನಗೆ ಇಷ್ಟು ಪ್ರೀತಿ ಉಂಟು ಅಂತ ಗೊತ್ತೇ ಇರಲಿಲ್ಲ" ಎಂದು ನನಗಿಂತ ಜೋರಾಗಿ ಅತ್ತರು.

ಆಗ ಗಂಡನ ಅಜ್ಜಿ ಬಂದು ನನ್ನ ಕಣ್ಣೊರೆಸಿದರು. ಆ ಬೆರಳುಗಳು ಒಂದಿಷ್ಟೂ ನಡುಗುತ್ತಿರಲಿಲ್ಲ. ನನ್ನ ಅಳು ಗಕ್ಕನೆ ನಿಂತಿತು.

"ಅಜ್ಜೀ, ನೀವು ನಶ್ಯ ಏರಿಸ್ತೀರಾ?"

ಅಜ್ಜಿ ಆಚೀಚೆ ನೋಡಿ ಕಿವಿಯಲ್ಲಿ ಹೇಳಿದರು: "ನನಗೆ ಅಭ್ಯಾಸ ಇಲ್ಲ ಮಗಾ. ನೀನು ಅಳಬೇಡ, ಕಾರು ಹತ್ತು. ಅಜ್ಜನ ಡಬ್ಬಿಯಿಂದ ನಿನಗೆ ದಿನಾ ಒಂದು ಚಿಟಿಕೆ ಕದ್ದು ಕೊಡ್ತೇನೆ."