ಹಗ್ಗ ಹಿಡಿದವನ ತಲೆಸುತ್ತು

ಇದನ್ನು ಬರೆಯಬೇಕೆಂದು ಕುಳಿತು ಎದ್ದು, ಎದ್ದು ಕುಳಿತು ಎರಡು ವರ್ಷವಾಯಿತು. ಮೊದಲ ವರ್ಷ ಕನ್ನಡಕದ ನಂಬರು ಸರಿಯಿಲ್ಲ ಎಂದೆ. ಮರುವರ್ಷ ಹೊಸ ಕನ್ನಡಕ ಬಂತು, ಆಗ ಪೆನ್ನು ಸರಿಯಿಲ್ಲ ಎಂದೆ. ದುಬೈಯ ನಮ್ಮ ಸಂಘದವರು ಪ್ರತಿವರ್ಷ ಸ್ಮರಣ ಸಂಚಿಕೆಗೆ ಏನಾದರೂ ಕೊಡಿ ಎನ್ನುತ್ತಾರೆ. ನಾನು ಪತ್ರೊಡೆಯ ಮೇಲೋ ನೀರುದೋಸೆಯ ಮೇಲೋ ಎರಡು ಪುಟ ಗೀಚಿ ತಪ್ಪಿಸಿಕೊಳ್ಳುತ್ತೇನೆ. ಪತ್ರೊಡೆಯ ಕ್ಷಮೆ ಕೇಳಬೇಕಾದ ಪ್ರಸಂಗ ಯಾರಿಗೂ ಬರುವುದಿಲ್ಲ. ಅಂಜುಬುರುಕನಿಂದ ಲೋಕಕ್ಕೆ ಅಪಾಯವಿಲ್ಲ ಎಂದು ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಈಗ ಅನುಭವದಿಂದ ಹೇಳುತ್ತೇನೆ, ಧೈರ್ಯವಂತರು ತಮ್ಮ ಕೈಕಾಲು ಮುರಿದುಕೊಳ್ಳುತ್ತಾರೆ, ನಮ್ಮಂಥವರು ಬೇರೆಯವರದನ್ನು ಕಟ್ಟಿಹಾಕುತ್ತೇವೆ.

ನನ್ನ ಹೆದರಿಕೆ ಎತ್ತರದ್ದು. ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಪಂಥ ಕಟ್ಟಿ ನಮ್ಮ ಹಿತ್ತಲಿನ ತೆಂಗಿನ ಮರ ಹತ್ತಿದೆ. ಅರ್ಧಕ್ಕೆ ಹೋಗಿ ಕೆಳಗೆ ನೋಡಿದವನು ಅಲ್ಲಿಯೇ ಅಂಟಿಕೊಂಡೆ. ಕಾಯಿ ಕೀಳುವವನು ಬಂದು ನನ್ನನ್ನೇ ಕಿತ್ತು ಕೆಳಗಿಳಿಸಬೇಕಾಯಿತು. "ಕಾಯಿಯಾದರೆ ಬಿಸಾಡಬಹುದಿತ್ತು" ಎಂದು ಅವನು ಬೇಸರಪಟ್ಟ. ಮುಂದೆ ದುಬೈಗೆ ಬಂದು ಒಂದು ಕಟ್ಟಡ ಕಂಪನಿಯಲ್ಲಿ ಮೂವತ್ತು ವರ್ಷ ಸ್ಟೋರ್ ಕೀಪರ್ ಆದೆ. ಗೋದಾಮು ನೆಲದ ಮೇಲಿತ್ತು ಎಂಬುದೇ ಆ ಕೆಲಸದ ಆಕರ್ಷಣೆ. ಈ ಊರಿನ ಎಷ್ಟೋ ಗಗನಚುಂಬಿಗಳಿಗೆ ಸೇಫ್ಟಿ ಬೆಲ್ಟ್ ಕೊಟ್ಟವನು ನಾನು, ಕಟ್ಟಿಕೊಂಡು ಹತ್ತಿದವರು ಬೇರೆ. ಈಗ ಸಿಲಿಕಾನ್ ಓಯಸಿಸ್‌ನಲ್ಲಿ ಮಗನ ಮನೆ, ಒಂಬತ್ತನೆಯ ಮಹಡಿ. ಬಾಲ್ಕನಿಯಿಂದ ಒಣಗಿದ ಬಟ್ಟೆ ತೆಗೆಯುವಾಗ ಒಂದು ಕೈ ಬಾಗಿಲಿನ ಹಿಡಿಕೆಯ ಮೇಲೆಯೇ ಇರುತ್ತದೆ. ದೂರದ ಬಟ್ಟೆಗಳು ಮಗ ಬರುವವರೆಗೆ ಒಣಗುತ್ತಿರುತ್ತವೆ. ಮಗನಿಗೆ ಸಮುದ್ರದ ನಡುವಿನ ಎಣ್ಣೆಬಾವಿಯಲ್ಲಿ ಕೆಲಸ, ನಾಲ್ಕು ವಾರ ಅಲ್ಲಿ, ನಾಲ್ಕು ವಾರ ಇಲ್ಲಿ.

ಇಂಥ ಮನೆಗೆ ಎಂಥ ಸೊಸೆ ಬರಬೇಕೋ ಅದಕ್ಕೆ ವಿರುದ್ಧವಾದವಳು ಬಂದಳು. ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಹುಟ್ಟಿ ಬೆಳೆದವಳು. ತುಳು, ಕನ್ನಡ ಎರಡನ್ನೂ ಸೊಗಸಾಗಿ ಮಾತನಾಡುತ್ತಾಳೆ, ಕನ್ನಡ ಓದಲು ಬರುವುದಿಲ್ಲ. ವಾರವಿಡೀ ಆಫೀಸಿನಲ್ಲಿ ಕಂಪ್ಯೂಟರ್, ರಜೆ ಬಂತೆಂದರೆ ಬಂಡೆ ಹತ್ತುವುದು. ಬಂಡೆ ಸುಟ್ಟು ಮುಟ್ಟಲಾಗದ ಬೇಸಗೆಯಲ್ಲಿ ಮಾಲಿನೊಳಗೆ ಕಟ್ಟಿದ ಕೃತಕ ಹಿಮದ ಇಳಿಜಾರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋದಳು. ಹೊರಗೆ ಮೊಟ್ಟೆ ಬೇಯುವ ಸೆಖೆ, ಒಳಗೆ ಮೂಗು ಬಿದ್ದುಹೋಗುವ ಚಳಿ. ಬಾಡಿಗೆಯ ಕೋಟು, ಬಾಡಿಗೆಯ ಬೂಟು ಹಾಕಿಕೊಂಡು ಕಂಬಿಯನ್ನು ತಬ್ಬಿ ನಿಂತೆ. ಎರಡು ಹಲಗೆಗಳ ಮೇಲೆ ಸೊಸೆ ಮೇಲಿನಿಂದ ಬಾಣದಂತೆ ಬರುವುದು ಕಂಡಿತು. ಕಣ್ಣು ಮುಚ್ಚಿ ಊರ ದೈವಕ್ಕೆ ಎಳನೀರಿನ ಹರಕೆ ಹೇಳಿಕೊಂಡೆ. ದೈವಕ್ಕೂ ಹಿಮದ ವಿಷಯ ಹೊಸತಿರಬೇಕು, ಆದರೂ ಕಾಪಾಡಿತು. ಕಣ್ಣು ಬಿಟ್ಟಾಗ ಅವಳು ಮುಂದೆ ನಿಂತು ನಗುತ್ತಿದ್ದಳು. "ಎಂತ ಮಾವ, ಜಾರಿದ್ದು ನಾನು, ಸುಸ್ತಾದದ್ದು ನಿಮಗಾ?" ಏಳು ವರ್ಷದ ಮೊಮ್ಮಗಳು ಇಶಾ ತೀರ್ಪು ಕೊಟ್ಟಳು: "ಅಜ್ಜ ಈಸ್ ಸ್ಕೇರ್ಡ್ ಆಫ್ ಎಸ್ಕಲೇಟರ್ ಆಲ್ಸೋ."

ಎರಡು ವರ್ಷದ ಹಿಂದೆ ಒಂದು ದಿನ ಸೊಸೆ ಊಟದ ಮೇಜಿನಲ್ಲಿ ಸುದ್ದಿ ಹೇಳಿದಳು. ಒಮಾನ್ ಗಡಿಯ ಬಳಿ ಹತ್ತಾ ಎಂಬ ಊರಿನ ಗುಡ್ಡಗಳಲ್ಲಿ ಜನರನ್ನು ಬಂಡೆ ಹತ್ತಿಸುವ, ಚಾರಣಕ್ಕೆ ಕರೆದೊಯ್ಯುವ ಕೆಲಸ. ಆಫೀಸು ಬಿಟ್ಟು ಮನೆ ಸಮೇತ ಅಲ್ಲಿಗೇ ಹೋಗುವುದು. "ಹಿತ್ತಲಲ್ಲೇ ಬಂಡೆ ಮಾವ, ಮಾಲಿನ ಹಿಮಕ್ಕೆ ಕಾರಲ್ಲಿ ಒಂದೂಕಾಲು ಗಂಟೆ. ಎರಡೂ ಹತ್ತಿರ ಇರುವ ಜಾಗ ನನಗೆ ಮತ್ತೆಲ್ಲಿ ಸಿಗ್ತದೆ? ನನಗೆ ಈ ಎಸಿಯಲ್ಲಿ ಉಸಿರು ಕಟ್ಟುತ್ತದೆ." ಮಗ ಆಗಲೇ ಒಪ್ಪಿದ್ದ. ಬಾಡಿಗೆ ಮನೆಯನ್ನೂ ನೋಡಿ ಬಂದಿದ್ದರು. ಬಿಸಿಲಿನಿಂದ ತಪ್ಪಿಸಿಕೊಂಡು ಎಸಿ ಕೋಣೆ ಸೇರಲು ನಮ್ಮ ಕಾಲದವರು ಎಷ್ಟು ಒದ್ದಾಡಿದೆವು! ಜೊತೆಗೆ ವಾಕಿಂಗ್ ಬರುವ ಗೆಳೆಯ ಲಾರೆನ್ಸನಿಗೆ ಹೇಳಿದೆ. ಅವನು ಹೋಟೆಲಿನ ಅಡುಗೆಮನೆಯಲ್ಲಿ ಬೆಂದು ನಿವೃತ್ತನಾದವನು. "ನಿನಗೆ ಎಂತ ಕಷ್ಟ ಮಾರಾಯ? ಹತ್ತುವುದು ಅವಳು. ನೀನು ಕೆಳಗೆ ಕೂತು ಚಾ ಕುಡಿ" ಎಂದ. ಅದೇ ಕಷ್ಟ. ಹತ್ತುವವರಿಗೆ ಮುಂದಿನ ಹಿಡಿ ಮಾತ್ರ ಕಾಣುತ್ತದೆ, ಕೆಳಗೆ ಕುಳಿತವನಿಗೆ ಬೀಳುವ ಜಾಗ ಪೂರ್ತಿ ಕಾಣುತ್ತದೆ. ನಾನು ಹಗಲು ಕೂತಲ್ಲೇ ಮನಸ್ಸಿನಲ್ಲಿ ಅವಳನ್ನು ದಿನಕ್ಕೆ ಹತ್ತು ಸಲ ಬೀಳಿಸಿದೆ. ಪ್ರತಿ ಸಲವೂ ಆ ಕಲ್ಪನೆಯೊಳಗೆ ಇಶಾ ಅಮ್ಮ ಎಲ್ಲಿ ಎಂದು ನನ್ನ ಮುಖ ನೋಡುತ್ತಿದ್ದಳು.

ಕೆಲಸ ಬಹುತೇಕ ಖಚಿತವಾಗಿತ್ತು. ಸೊಸೆ ಆಫೀಸಿಗೆ ರಾಜೀನಾಮೆಯನ್ನೂ ಕೊಟ್ಟಳು. ಒಂದು ಫಾರಂ ಮಾತ್ರ ಬಾಕಿ. ಅದರಲ್ಲಿ ಆಪತ್ತಿಗೆ ಕರೆಯಬೇಕಾದ ಮನೆಯವರ ನಂಬರು ಕೇಳಿದ್ದರು. ಮಗ ಸಮುದ್ರದ ಮೇಲಿದ್ದುದರಿಂದ ನನ್ನದನ್ನು ಬರೆದಳು. ಒಂದು ಬೆಳಿಗ್ಗೆ ಫೋನು ಬಂತು. ಒಬ್ಬ ಹೆಂಗಸು, ಇಂಗ್ಲಿಷು ಹಿಂದಿ ಬೆರೆಸಿ ಬಲು ಮರ್ಯಾದೆಯಿಂದ ಕೇಳಿದಳು: "ಅಂಕಲ್, ಅವರಿಗೆ ಕಾಯಿಲೆ, ತಲೆಸುತ್ತು, ಅಂಥದ್ದೇನಾದರೂ ಇದೆಯೇ?"

ಇದೆ ಎಂದೆ.

ಸುಳ್ಳು ಹೇಳುವವರು ತಡವರಿಸುತ್ತಾರಂತೆ. ನಾನು ತಡವರಿಸಲಿಲ್ಲ. ಮೇಲೆ ಹೋದರೆ ಕಣ್ಣು ಕತ್ತಲೆ, ಅಂಗೈ ಬೆವರು, ಮೊಣಕಾಲು ನೀರು, ಕೆಲವೊಮ್ಮೆ ವಾಂತಿ ಎಂದು ಒಂದೊಂದಾಗಿ ವಿವರಿಸಿದೆ. ಎಲ್ಲವೂ ಅನುಭವದ ಮಾತು. ತೆಂಗಿನ ಮರದಲ್ಲಿ ಹಿಡಿದ ನನ್ನ ಕಾಯಿಲೆಯನ್ನು ಪೂರ್ತಿಯಾಗಿ ಸೊಸೆಯ ಹೆಸರಿಗೆ ವರ್ಗಾಯಿಸಿದೆ. "ನಾನು ಹೇಳಿದ್ದೆಂದು ಅವಳಿಗೆ ತಿಳಿಸಬೇಡಿ" ಎಂದೂ ಸೇರಿಸಿದೆ. ಆ ಪುಣ್ಯಾತ್ಗಿತ್ತಿ ತಿಳಿಸಲಿಲ್ಲ.

ಮೂರು ದಿನಕ್ಕೆ ಎರಡು ಸಾಲಿನ ಈಮೇಲ್ ಬಂತು. ಕಾರಣ ಬರೆದಿರಲಿಲ್ಲ. ಸೊಸೆ ಅಳಲಿಲ್ಲ. ಬಾತ್‌ಟಬ್ಬಿನಲ್ಲಿ ನೀರು ತುಂಬಿ, ಬಂಡೆ ಹತ್ತುವ ಹಗ್ಗವನ್ನು ಮೊಳ ಮೊಳವಾಗಿ ತೊಳೆದು, ಬಾಲ್ಕನಿಯಲ್ಲಿ ಒಣಗಿಸಿ, ಸುತ್ತಿ, ಕಪಾಟಿನ ಮೇಲಿಟ್ಟಳು. ರಾಜೀನಾಮೆ ಹಿಂತೆಗೆದುಕೊಳ್ಳಲು ಆಫೀಸಿನಲ್ಲಿ ಯಾರ ಮುಂದೆ ಹೇಗೆ ನಿಂತಳೋ ಹೇಳಲಿಲ್ಲ. ಆ ಸಂಜೆ ಮಾತ್ರ ನನ್ನ ಎದುರು ಕುಳಿತು ಕೇಳಿದಳು. "ಮಾವ, ನಿಜ ಹೇಳಿ, ನನ್ನಲ್ಲಿ ಎಂತ ಕಮ್ಮಿ ಉಂಟು?" ಎದ್ದು ಹೋಗಿ ಚಾ ಮಾಡಿದೆ. ಸಕ್ಕರೆ ಎರಡು ಸಲ ಹಾಕಿದ್ದೆನಂತೆ. "ಅವರಿಗೆ ಯೋಗ ಇಲ್ಲ ಮಗಾ" ಎಂದೆ. ನಾನು ಸಮಾಧಾನ ಹೇಳಿದ್ದಕ್ಕೆ ಅವಳು ನನಗೆ ಥ್ಯಾಂಕ್ಸ್ ಹೇಳಿದಳು. ಬಿದ್ದು ಕಾಲು ಮುರಿದಿದ್ದರೂ ಅವಳ ಮುಖ ಅಷ್ಟು ಸೋತಿರುತ್ತಿರಲಿಲ್ಲ ಎಂದು ಆಗ ತೋರಿತು. ಅಂದಿನಿಂದ ನನಗೆ ಎತ್ತರದ ಹೆದರಿಕೆ ಕಡಿಮೆಯಾಯಿತು. ಫೋನಿನ ಹೆದರಿಕೆ ಶುರುವಾಯಿತು.

ಹಗ್ಗ ಒಂದು ವರ್ಷ ಕಪಾಟಿನ ಮೇಲೆಯೇ ಇತ್ತು. ಆಮೇಲೆ ಒಂದು ಶನಿವಾರ ಅದನ್ನು ಕೆಳಗಿಳಿಸಿದಳು. ಹತ್ತಿರದಲ್ಲಿ ಬಂಡೆಯ ಹಾಗೆ ಕಟ್ಟಿದ ಗೋಡೆಯಿರುವ ಒಂದು ಜಿಮ್ ಇದೆ. ಅಲ್ಲಿ ಒಬ್ಬರು ಹತ್ತಿದರೆ ಇನ್ನೊಬ್ಬರು ಕೆಳಗೆ ಹಗ್ಗ ಹಿಡಿಯಬೇಕು. ಅವಳ ಗೆಳತಿ ಕೈಕೊಟ್ಟಿದ್ದಳು. "ಮಾವ, ನೀವು ಹಿಡಿಯಿರಿ" ಎಂದಳು. ಬೇರೆ ಯಾರಾದರೂ ಇಲ್ಲವೇ, ನಾನು ಹೆದರುಪುಕ್ಕಲ ಎಂದೆ. "ಅದಕ್ಕೇ. ಹೆದರುವವರು ಹಗ್ಗ ಬಿಡುವುದಿಲ್ಲ. ಧೈರ್ಯ ಇದ್ದವರೇ ಮಧ್ಯದಲ್ಲಿ ಫೋನು ನೋಡುವುದು." ಆ ಜಿಮ್ಮಿನವರು ಎರಡು ವಾರ ನನಗೆ ಕಲಿಸಿ, ಪರೀಕ್ಷೆ ಮಾಡಿ ಪಾಸು ಮಾಡಿದರು. ಎಸ್ಸೆಸ್ಸೆಲ್ಸಿಯ ನಂತರ ನಾನು ಪಾಸಾದ ಏಕೈಕ ಪರೀಕ್ಷೆ ಅದು. ಜೀವನದಲ್ಲಿ ಮೊದಲ ಸಲ ಸೇಫ್ಟಿ ಬೆಲ್ಟ್ ನನ್ನ ಸೊಂಟಕ್ಕೆ ಬಂತು. ಅವಳು ಗೋಡೆಯ ತುದಿಗೆ ಹೋದಾಗ ಅವಳ ಕೈ ಜಾರಿತು. ಹಗ್ಗ ಜಗ್ಗಿ ನಾನೇ ನೆಲದಿಂದ ಒಂದು ಅಡಿ ಮೇಲೆದ್ದೆ. ಆದರೆ ಬಿಡಲಿಲ್ಲ. ಮೇಲೆ ಅವಳು, ಕೆಳಗೆ ನಾನು, ಇಬ್ಬರೂ ತೂಗಾಡುತ್ತಿದ್ದಾಗ ಈಗ ಹೇಳಿಬಿಡೋಣ ಅನ್ನಿಸಿತು.

"ಮಗಾ, ಒಂದು ವಿಷಯ ಹೇಳ್ಲಿಕ್ಕುಂಟು!"

"ಈಗ ಹಗ್ಗ ನೋಡಿ ಮಾವ! ಇಳಿದ ಮೇಲೆ ಹೇಳಿ!"

ಇಳಿದ ಮೇಲೆ ಕೇಳಿದಳು. ಬಾಯಾರಿಕೆ ಎಂದೆ. ನೀರು ತಂದುಕೊಟ್ಟಳು.

ಕಳೆದ ತಿಂಗಳು ಹತ್ತಾದಲ್ಲೇ ಇನ್ನೊಂದು ಕಂಪನಿಯಲ್ಲಿ ಕೆಲಸ ಖಾಲಿಯಾಯಿತು. "ಈ ಸಲವೂ ನಿಮ್ಮ ನಂಬರೇ ಕೊಟ್ಟಿದ್ದೇನೆ" ಎಂದಳು. ಹತ್ತು ದಿನ ಫೋನನ್ನು ಹಾವಿನ ಮರಿಯ ಹಾಗೆ ಮೇಜಿನ ಮೇಲಿಟ್ಟು ನೋಡುತ್ತಾ ಕುಳಿತೆ. ಕರೆ ಬಂತು. ಈ ಸಲ ಗಂಡಸು, ಪ್ರಶ್ನೆ ಅದೇ. "ಅವಳಿಗೆ ಏನೂ ಇಲ್ಲ, ತಲೆಸುತ್ತು ನನಗೆ" ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಅವನು "ಸರ್, ನೀವು ಅರ್ಜಿ ಹಾಕಿಲ್ಲವಲ್ಲ?" ಎಂದ. ಇಲ್ಲ ಎಂದೆ. "ಹಾಗಾದರೆ ತೊಂದರೆಯಿಲ್ಲ" ಎಂದು ಇಟ್ಟುಬಿಟ್ಟ.

ಈಗ ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಮುಂದಿನ ವಾರ ಗುಡ್ಡದ ಬುಡಕ್ಕೆ ಹೋಗುತ್ತೇವೆ. ನೆಲಮಹಡಿಯ ಮನೆಯಂತೆ, ನನಗೋಸ್ಕರ ಅವಳೇ ಹುಡುಕಿದ್ದು. ಅದನ್ನು ಕೇಳಿದ ಮೇಲೆ ಊಟ ಸೇರುತ್ತಿಲ್ಲ.

ಇದನ್ನು ಕನ್ನಡದಲ್ಲಿ ಬರೆಯಲು ಧೈರ್ಯ ಬಂದದ್ದು ಅವಳಿಗೆ ಓದಲು ಬರುವುದಿಲ್ಲ ಎಂಬ ಭರವಸೆಯಿಂದ. ಊರಿಗೆಲ್ಲ ತಪ್ಪೊಪ್ಪಿಕೊಂಡು, ಯಾರ ಮುಂದೆ ಒಪ್ಪಿಕೊಳ್ಳಬೇಕೋ ಅವರ ಮುಂದೆ ಮಾತ್ರ ಬಾಯಿ ಮುಚ್ಚಿಕೊಳ್ಳುವ ಉಪಾಯ. ನಿನ್ನೆ ಲಾರೆನ್ಸನಿಗೆ ಓದಿ ಹೇಳಿದೆ. "ಸಂಚಿಕೆಗೆ ಯಾಕೆ ಕೊಡುವುದು? ಅವಳು ಪಕ್ಕದ ಕೋಣೆಯಲ್ಲಿ ಇಲ್ವಾ?" ಎಂದ. ಅವನಿಗೆ ಸಾಹಿತ್ಯ ತಿಳಿಯುವುದಿಲ್ಲ.

ಆದರೆ ಸಂಘದ ಕನ್ನಡ ತರಗತಿಗೆ ಇಶಾಳನ್ನು ಬಿಡಲು ಹೋಗುವ ಸೊಸೆ ಈಗ ತಾನೂ ಹಿಂದಿನ ಬೆಂಚಿನಲ್ಲಿ ಕುಳಿತು ಕಲಿಯುತ್ತಿದ್ದಾಳೆ. "ಮಾವ ಬರೆದದ್ದು ಓದ್ಲಿಕ್ಕಾಗಬೇಕಲ್ಲ" ಎನ್ನುತ್ತಾಳೆ. ಸದ್ಯಕ್ಕೆ ಕಲಿತದ್ದು ಮನೆಮಂದಿಯ ಹೆಸರುಗಳನ್ನಷ್ಟೇ. ಸಂಚಿಕೆ ಬಂದ ದಿನ ನನ್ನ ಪುಟ ತೆರೆದು, ಬೆರಳಿಟ್ಟು, ತನ್ನ ಹೆಸರು ಇದೆಯೇ ಎಂದು ಹುಡುಕುತ್ತಾಳೆ. ಸಿಕ್ಕಿದರೆ, "ಎಂತ ಮಾವ, ನನ್ನ ಬಗ್ಗೆ ಎಂತ ಬರೆದಿದ್ದೀರಿ? ಓದಿ ಹೇಳಿ" ಎನ್ನುತ್ತಾಳೆ. ಆಗ ಬಾಯಾರಿಕೆ ಎನ್ನುವಂತಿಲ್ಲ. ಹೆಸರು ಹಾಕದಿದ್ದರೆ ಬಚಾವು. ಇಷ್ಟು ಹೊತ್ತು ಹಾಕದೆಯೇ ಬರೆದೆ. ಅಂಗೈ ಬೆವರುತ್ತಿದೆ, ಮೊಣಕಾಲು ಆಗಲೇ ನೀರಾಗಿದೆ. ನಾನು ಇನ್ನೂ ಕ್ಷಮೆ ಕೇಳಿಲ್ಲದ ಆ ನನ್ನ ಸೊಸೆಯ ಹೆಸರು ಸವಿತಾ.